ಬಿಳಿ ಇಣಚಿಯೂ ಬೆಳ್ಳಗೆ ಮಾಡುವ ಹಫೀಜನೂ

ಮಾನ್ವಿ ಬಸ್‌ಸ್ಟ್ಯಾಂಡಿನ ಎದುರು ಫೋಟೋ ಸ್ಟುಡಿಯೋ ಇಟ್ಟಿರುವ ಹಫೀಜನನ್ನು ಹೆಸರು ಹಿಡಿದು ಹುಡುಕಿದರೆ ಸಿಗುವುದಿಲ್ಲ. ‘ಬೆಳ್ಳಗ ಮಾಡೋ ಸಾಬ್ರು’ ಅಂದರೆ ಆಟೋದವರು ಅಂಗಡಿ ಬಾಗಿಲಿಗೇ ತಂದು ಇಳಿಸುತ್ತಾರೆ. ರೀಲಿನ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖ ತಿಳಿ ಮಾಡುತ್ತಿದ್ದವನು ಈಗ ಮೌಸ್ ಆಡಿಸುತ್ತಾನೆ. ಮೂವತ್ತು ವರ್ಷದಲ್ಲಿ ಈ ಭಾಗದ ಎಷ್ಟೋ ಕರಿ ಹುಡುಗಿಯರು ಅವನ ಅಂಗಡಿ ಹೊಕ್ಕು ಗೋಧಿ ಬಣ್ಣದವರಾಗಿ ಹೊರಬಿದ್ದರು. ಒಮ್ಮೆ ಕೂಲಿ ಸಂಘದವರು ಧರಣಿಯ ಫೋಟೋ ತೆಗೆಸಿದರು. ಹನ್ನೊಂದು ದಿನ ಬಿಸಿಲಿಗೆ ಸುಟ್ಟುಕೊಂಡು ಕೂತಿದ್ದ ಹೆಂಗಸರನ್ನೂ ಹಫೀಜ್ ಬೆಳ್ಳಗೆ ಮಾಡಿಕೊಟ್ಟ. ಮನವಿಗೆ ಅಂಟಿಸಿದ್ದ ಫೋಟೋ ನೋಡಿ ತಹಶೀಲ್ದಾರ್ ಸಾಹೇಬರು, ‘ಇವ್ರು ಬಿಸಲಾಗ ಕುಂತಂಗ ಕಾಣಂಗಿಲ್ಲಲ್ರಿ’ ಅಂದರು. ಸಂಘದವರು ಬಂದು ಬೈದರೆ, ‘ಚಂದ ಮಾಡೀನಲ್ರಿ, ಅದ್ರಾಗೇನು ತಪ್ಪು?’ ಎಂದು ಹಫೀಜನೇ ಮುನಿಸಿಕೊಂಡ.

ಕಳೆದ ಚಳಿಗಾಲದಲ್ಲಿ ಜಾಲಹಳ್ಳಿಯ ತಾಯಪ್ಪ, ಮಗಳು ಅಂಬಿಕಾಳ ಫೋಟೋ ತೆಗೆಯಲು ಅವನನ್ನು ಹೊಲಕ್ಕೇ ಕರೆಸಿದ. ಸಿರವಾರದ ಗಂಡಿನ ಕಡೆಯವರಿಗೆ ಕಳಿಸಬೇಕಿತ್ತು. ಅಂಬಿಕಾ ದೇವದುರ್ಗದ ಶಾಲೆಯೊಂದರಲ್ಲಿ ಗಣಿತ ಹೇಳುವವಳು. ಹುಣಸೆ ಮರದ ಕೆಳಗೆ ನಿಲ್ಲಿಸಿ ‘ನಗು ಬೇಟಿ’ ಅಂದರೆ ಅವಳು ಪಕ್ಕಕ್ಕೆ ಕಣ್ಣು ಹೊರಳಿಸಿದಳು.

‘ಕಾಕಾ, ಇಣಚಿ! ಬೆಳ್ಳಗದ!’

‘ಅದನ್ನ ನಾ ಮಾಡಿಲ್ಲ ಯವ್ವಾ. ನೀ ಇತ್ತ ನೋಡು.’

‘ಖರೇನ ಅದ. ಲಗೂ ಒತ್ರಿ!’

ಒತ್ತಿದ. ಅವಳ ಭುಜದಿಂದ ಗೇಣು ದೂರದಲ್ಲಿ, ಕಪ್ಪು ತೊಗಟೆಯ ಮೇಲೆ ಅಳಿಲು ತಲೆ ಕೆಳಗಾಗಿ ನಿಂತಿತ್ತು. ಮೂಗಿನಿಂದ ಬಾಲದವರೆಗೆ ಬಿಡಿಸಿದ ಹತ್ತಿ. ಇನ್ನೊಮ್ಮೆ ಒತ್ತುವಷ್ಟರಲ್ಲಿ ಮರವೇರಿ ಮಾಯವಾಯಿತು. ಮುಂದೆ ನಾಲ್ಕು ದಿನ ಹಫೀಜ್ ಬೆಳಗಾದರೆ ಬೈಕ್ ಹತ್ತಿ ಹೋಗಿ ಆ ಮರದಡಿ ಕಾದ. ಮಾಮೂಲಿ ಇಣಚಿಗಳು ಬಂದು ಅವನನ್ನೇ ನೋಡಿ ಹೋದವು.

ಕೈಲಿದ್ದದ್ದು ಆ ಒಂದೇ ಫೋಟೋ. ತಾನು ಕಂಡದ್ದನ್ನು ಮಂದಿ ನಂಬಬೇಕು ಅಂತ ಹಫೀಜನಿಗೆ ಅನ್ನಿಸಿದ್ದು ಜನ್ಮದಲ್ಲಿ ಅದೇ ಮೊದಲು. ರಾಯಚೂರಿನಲ್ಲಿ ಕಾಡುಪ್ರಾಣಿಗಳ ಫೋಟೋ ಪ್ರದರ್ಶನವಿತ್ತು. ಅಂಬಿಕಾಳನ್ನು ಕತ್ತರಿಸಿ, ಇಣಚಿಯನ್ನಷ್ಟೇ ದೊಡ್ಡದು ಮಾಡಿ ಒಯ್ದ. ಪ್ರದರ್ಶನ ನಡೆಸುತ್ತಿದ್ದ ನಿವೃತ್ತ ವಿಜ್ಞಾನ ಮೇಷ್ಟ್ರು ಕಲೀಮುಲ್ಲಾ ಕನ್ನಡಕ ಏರಿಸಿ ನೋಡಿ ನಕ್ಕರು.

‘ಹಫೀಜ್ ಭಾಯ್, ಮದುವಿ ಹೆಣ್ಣು ಮುಗದು ಈಗ ಇಣಚಿಗೆ ಬಂದ್ರೇನು?’

‘ಅಲ್ಲಾನ ಆಣಿ, ಬಣ್ಣ ಮುಟ್ಟಿಲ್ರಿ.’

‘ಮೈಯೆಲ್ಲಾ ಹಿಂಗ ಬೆಳ್ಳಗಿದ್ರ ಕಣ್ಣು ಕೆಂಪಿರೂದ ಹೆಚ್ಚು. ಇವೇನು, ಕಾಡಿಗಿ ಹಚ್ಚಿದಂಗ ಅದಾವು?’

ಹಫೀಜ್ ಬಾಗಿ ಫೋಟೋ ನೋಡಿದ. ಮೂಲದಲ್ಲಿ ಕಣ್ಣು ಕೆಂಪಾಗಿಯೇ ಇದ್ದವು. ಫ್ಲಾಶಿಗೆ ಮಂದಿಯ ಕಣ್ಣು ಕೆಂಪಾಗಿ ಬಂದರೆ ಕಪ್ಪು ಮಾಡುವುದು ದಿನದ ಕೆಲಸ. ರೂಢಿಬಿದ್ದ ಕೈ ಇಣಚಿಯ ಕಣ್ಣನ್ನೂ ತಿದ್ದಿಬಿಟ್ಟಿತ್ತು.

‘ತಿದ್ದಿದ್ದು, ಕತ್ತರಿಸಿದ್ದು ಇಲ್ಲಿ ಹಾಕಂಗಿಲ್ಲ. ಇದ್ದಂಗ ಪೂರಾ ತರ್ರಿ’ ಅಂದರು ಕಲೀಮುಲ್ಲಾ.

ಪೂರಾ ಅಂದರೆ ಅಂಬಿಕಾಳೂ ಇದ್ದಾಳೆ. ಅದೂ ಎರೆಮಣ್ಣಿನಂಥ ಅವಳದೇ ಕಪ್ಪು ಬಣ್ಣದಲ್ಲಿ. ಸಿರವಾರಕ್ಕೆ ಅದೇ ದಿನ ತೆಗೆದ ಇನ್ನೊಂದು ಫೋಟೋ, ಗೋಧಿ ಬಣ್ಣ ಬಳಿದದ್ದು, ಆಗಲೇ ಹೋಗಿತ್ತು. ತಿದ್ದದ ಫೋಟೋ ಯಾರಿಗೂ ತೋರಿಸಬಾರದೆಂದು ತಾಯಪ್ಪ ಮಾತು ತೆಗೆದುಕೊಂಡಿದ್ದ. ಹಫೀಜ್ ಜಾಲಹಳ್ಳಿಗೆ ಹೋಗಿ ಅವನ ಕಟ್ಟೆಯ ಮೇಲೆ ಕೂತು ವಿಷಯ ಹೇಳಿದ.

‘ಸಾಬ್ರ, ಒಂದು ಇಣಚಿ ಸಲುವಾಗಿ ನನ್ನ ಮಗಳ ಸಂಬಂಧ ಕೆಡಸ್ತೀರೇನು?’

ಹಫೀಜ್ ಚಪ್ಪಲಿ ಹುಡುಕಿದ. ಒಳಗೆ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದ ಅಂಬಿಕಾ ಬಾಗಿಲಿಗೆ ಬಂದಳು.

‘ಯಪ್ಪಾ, ಅವ್ರು ನೋಡಾಕ ಬಂದ ದಿನ ನನ್ನ ಮಾರಿ ಎಲ್ಲಿ ಮುಚ್ಚಿಡ್ತಿ? ಕಾಕಾ ಚಾದ ಜೋಡಿ ಕಂಪ್ಯೂಟರ್ ಹಿಡ್ಕೊಂಡು ಬರತಾರೇನು?’ ಆಮೇಲೆ ಹಫೀಜನತ್ತ ತಿರುಗಿದಳು. ‘ಇಣಚಿ ಕಂಡಾಕಿ ನಾನು. ನನ್ನ ಕತ್ತರಿಸಿ ಒಗದು ಒಯ್ದೀರಿ. ಹಾಕ್ರಿ, ಖುಷಾಲ್ ಹಾಕ್ರಿ. ಆದ್ರ ಅದ ಫೋಟೋ ಸಿರವಾರಕ್ಕೂ ಹೋಗಬೇಕು.’

ಹಫೀಜ್ ಅಲ್ಲೇ ಮೊಬೈಲಿನಿಂದ ಕಳಿಸಿದ. ತಾಯಪ್ಪ ಎದ್ದು ಹೊಲದ ಕಡೆ ನಡೆದ.

ಕಲೀಮುಲ್ಲಾ ಮೂಲ ಫೋಟೋದ ಕೆಂಪು ಕಣ್ಣು ನೋಡಿ ಕೈ ಕುಲುಕಿದರು. ಗೋಡೆಗೆ ತೂಗುಹಾಕಿದರು. ಹಫೀಜ್ ಪಕ್ಕದಲ್ಲಿ ಇಸ್ತ್ರಿ ಅಂಗಿ ತೊಟ್ಟು ನಿಂತ. ನೋಡಲು ಬಂದವರಲ್ಲಿ ಒಬ್ಬ ದಪ್ಪ ಮೀಸೆಯವನು ಹೆಂಡತಿಗೆ ತಿಳಿಸಿಹೇಳಿದ: ‘ಇಣಚಿ ಎದ್ದು ಕಾಣ್ಲಿ ಅಂತ ಹುಡುಗೀನ್ನ ಹೆಂಗ ಕರ್ರಗ ಮಾಡ್ಯಾನ ನೋಡು. ಭಾರಿ ಕಸಬುದಾರ ಇದಾನ.’

ಪ್ರದರ್ಶನ ನೋಡಲು ಬಂದು ಹಿಂದೆ ನಿಂತಿದ್ದ ಅಂಬಿಕಾ ಮುಂದೆ ಬಂದು ಫೋಟೋದ ಪಕ್ಕ ತೋಳು ಚಾಚಿದಳು.

‘ತಿಕ್ಕಿ ನೋಡ್ರಿ ಅಣ್ಣಾರ, ಬಣ್ಣ ಬಿಡ್ತದೇನು.’

ಮೀಸೆಯವನು ತೋಳು ನೋಡಿದ, ಫೋಟೋ ನೋಡಿದ, ಕೆಮ್ಮಿ ಮುಂದಿನ ಕರಡಿಯ ಫೋಟೋಕ್ಕೆ ಹೋದ.

ಅಷ್ಟರಲ್ಲಿ ಹಫೀಜನ ಮೊಬೈಲಿಗೆ ಸಿರವಾರದಿಂದ ಸಂದೇಶ ಬಂತು: ‘ಎರಡು ಫೋಟೋ ಬಂದಾವ. ಖರೇದು ಯಾವ್ದು?’ ಹಫೀಜ್ ಅಂಬಿಕಾಳಿಗೆ ತೋರಿಸಿದ. ಅವಳು ಓದಿ ಫೋನು ತಿರುಗಿ ಅವನ ಕೈಗೇ ಕೊಟ್ಟಳು. ಅವನು ಒಂದೊಂದೇ ಅಕ್ಷರ ಒತ್ತಿ ‘ಇಣಚಿ ಇದ್ದದ್ದು’ ಎಂದು ಕಳಿಸಿದ.

ಸಿರವಾರದವರು ಬರಲಿಲ್ಲ. ತಾಯಪ್ಪ ಹಫೀಜನ ಜೋಡಿ ಮಾತು ಬಿಟ್ಟ. ಹಫೀಜ್ ಈಗ ಕ್ಯಾಮೆರಾ ಎತ್ತುವ ಮೊದಲು ‘ಇದ್ದಂಗ ಬೇಕೋ, ಬೆಳ್ಳಗ ಬೇಕೋ?’ ಎಂದು ಕೇಳುತ್ತಾನೆ. ಇದ್ದಂಗ ಬೇಕು ಅಂದವರು ಇನ್ನೂ ಬಂದಿಲ್ಲ.