ಬಾಳೆ ಎಲೆಯ ಮೇಲೆ ಗೇರ್‌ಬಾಕ್ಸು

ಕಡೆಯ ಸಲ ನೋಡಿದಾಗ ಮೇಸ್ತ್ರಿಯವರ ಹಣೆಯ ವಿಭೂತಿಯ ನಡುವೆ ಗ್ರೀಸಿನ ಹೆಬ್ಬೆರಳ ಗುರುತೊಂದು ಒತ್ತಿಕೊಂಡಿತ್ತು. ಬೆವರು ಒರೆಸಿಕೊಳ್ಳುವಾಗ ಆದದ್ದು. ದಿನಾ ಇರುತ್ತಿತ್ತು, ಹಾಗಾಗಿ ನಾನು ಹೇಳಲೂ ಇಲ್ಲ. ಅವತ್ತು ಮಂಗಳವಾರ. ಗೆಂಡೆಹಳ್ಳಿಯಿಂದ ಕೆಲಸ ಮುಗಿಸಿ ಹಳೇಬೀಡಿಗೆ ಬಂದವಳು ಟೈರಿಗೆ ಗಾಳಿ ಹಿಡಿಸಲು ಅವರ ರಿಪೇರಿ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದ್ದೆ. ನಾಲ್ಕೂ ಚಕ್ರಕ್ಕೆ ಗಾಳಿ ಹಿಡಿದು, "ಲ್ಯಾಬಮ್ಮಾ, ಸ್ಟೆಪ್ನಿಗೂ ಹಿಡಿಸ್ಕಳಿ. ಡಿಕ್ಕಿಲಿ ಮಲ್ಗೈತೆ ಅಂತ ಅದನ್ನ ಮರ್ತೇಬಿಡ್ತೀರ" ಎಂದರು. ಹೊತ್ತಾಯಿತು, ಇನ್ನೊಂದು ದಿನ ಬರುತ್ತೇನೆ ಎಂದೆ. ಗುರುವಾರ ಬೆಳಿಗ್ಗೆ ಅವರಿಗೆ ಎದೆ ಹಿಡಿದುಕೊಂಡಿತು. ಹಾಸನ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ನಾನು ಗೆಂಡೆಹಳ್ಳಿಯ ಆಸ್ಪತ್ರೆಯಲ್ಲಿ ರಕ್ತ, ಕಫ ಪರೀಕ್ಷೆ ಮಾಡುವವಳು. ಅದಕ್ಕೇ ಅವರ ಬಾಯಲ್ಲಿ ಲ್ಯಾಬಮ್ಮ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ನನ್ನ ಎಡಗಾಲಿಗೆ ಬಲವಿಲ್ಲ. ಕ್ಲಚ್ ಒತ್ತಲಾರೆ. ಬಸ್ಸಿನ ಮೆಟ್ಟಿಲು ಹತ್ತಬೇಕಾದರೆ ಮೇಲಿನಿಂದ ಒಬ್ಬರು ಎಳೆಯಬೇಕು, ಕೆಳಗಿನಿಂದ ಒಬ್ಬರು ನೂಕಬೇಕು. ಕ್ಲಚ್ಚೇ ಇಲ್ಲದ, ತಾನಾಗಿ ಗೇರು ಬದಲಿಸಿಕೊಳ್ಳುವ ಹಳೆಯ ಕಾರೊಂದು ಸಿಕ್ಕಿದ್ದರಿಂದ ಹನ್ನೊಂದು ವರ್ಷ ಯಾರ ಕೈಯನ್ನೂ ಹಿಡಿಯದೆ ಕೆಲಸಕ್ಕೆ ಹೋಗಿಬಂದಿದ್ದೆ.

ಮೂರು ವರ್ಷದ ಹಿಂದೆ ಒಂದು ದಿನ ಬೇಲೂರು ದಾಟಿ ಏರು ಹತ್ತುವಾಗ ಇಂಜಿನ್ನು ಕಿರುಚಿಕೊಂಡಿತು, ಕಾರು ಮಾತ್ರ ಮುಂದೆ ಹೋಗಲಿಲ್ಲ. ಹಾಸನದಲ್ಲಿ ಇಬ್ಬರಿಗೆ ತೋರಿಸಿದೆವು. ಗೇರ್‌ಬಾಕ್ಸು ಹೋಗಿದೆ, ಇದರದ್ದು ಈಗ ಬರುವುದಿಲ್ಲ, ಗುಜರಿಗೆ ಹಾಕಿ ಎಂದರು. ಹೊಸದನ್ನು ಕೊಳ್ಳುವ ಸ್ಥಿತಿ ನಮ್ಮದಲ್ಲ. ತಮ್ಮ ಒಂದು ತಿಂಗಳು ಬೈಕಿನಲ್ಲಿ ಬಿಟ್ಟುಬಂದ. ಅವನಿಗೂ ಅವನ ಕೆಲಸವಿತ್ತು. ನೌಕರಿ ಬಿಟ್ಟು ಮನೆಯಲ್ಲಿರು ಎಂಬ ಮಾತು ಎದ್ದಿತು. ಎಲ್ಲರೂ ಪ್ರೀತಿಯಿಂದಲೇ ಹೇಳುತ್ತಿದ್ದರು. ಅದಕ್ಕೆ ನನಗೆ ಹೆಚ್ಚು ಭಯವಾಗುತ್ತಿತ್ತು.

ಮೇಸ್ತ್ರಿಯವರು ಟ್ರ್ಯಾಕ್ಟರ್ ರಿಪೇರಿಗೆ ಹೆಸರಾದವರು. ನಾನು ಕೇಳಿಕೊಂಡ ಮೇಲೆ ಮನೆಗೆ ಬಂದರು. ಚಪ್ಪಲಿ ಹೊರಗೆ ಬಿಟ್ಟು ಬರಿಗಾಲಲ್ಲಿ ಕಾರು ಹತ್ತಿದರು. ಯಾವ ಗಾಡಿಯಾದರೂ ಹಾಗೆಯೇ, ಅಂಗಾಲಿಗೆ ತಿಳಿಯುವಷ್ಟು ಕಿವಿಗೆ ತಿಳಿಯುವುದಿಲ್ಲ ಎನ್ನುತ್ತಿದ್ದರು. ಇಂಜಿನ್ನು ಶುರುಮಾಡಿಸಿ, ಗೇರು ಹಾಕಿಸಿ, ತೆಗೆಸಿ, ಆಮೇಲೆ ಗೇರ್‌ಬಾಕ್ಸಿನ ಎಣ್ಣೆಯನ್ನು ಬೆರಳಿಗೆ ಹಚ್ಚಿಕೊಂಡು ಮೂಸಿದರು.

"ಒಗ್ಗರಣೆ ಹೊತ್ತಿದಂಗೈತೆ" ಎಂದರು. "ನಾನು ಈ ಥರದ್ದು ಬಿಚ್ಚಿಲ್ಲ ಲ್ಯಾಬಮ್ಮಾ. ಬಿಚ್ಚಿದ್ ಮ್ಯಾಲೆ ಸೇರ್ಸಕೆ ಆಗ್ದೇನೂ ಹೋಗ್ಬೋದು. ಯೋಚ್ನೆ ಮಾಡಿ."

"ಬಿಚ್ಚಿ" ಎಂದೆ.

ಕಾರನ್ನು ಶೆಡ್ಡಿಗೆ ಎಳೆಸಿಕೊಂಡು ಹೋದರು, ಭಾನುವಾರ ಕೆಲಸ ಶುರುವಾಯಿತು. ಕೊರಳಿನ ಲಿಂಗದ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು ಕಾರಿನ ಕೆಳಗೆ ನುಸುಳಿದರು. ಇಂಜಿನ್ನನ್ನು ತೊಲೆಗೆ ಸರಪಳಿ ಹಾಕಿ ನೇತುಹಾಕಿದ್ದರು. ಎಣ್ಣೆ ಬಸಿದು, ಬೋಲ್ಟು ಬಿಚ್ಚಿ, ಆ ಭಾರದ ಪೆಟ್ಟಿಗೆಯನ್ನು ಜಾಕಿನ ಮೇಲೆ ಇಳಿಸಿಕೊಳ್ಳುವಾಗ ಎಡಗೈಯನ್ನು ಅದರ ಕೆಳಗಿಟ್ಟೇ ಇದ್ದರು. ಜಾರಿದರೆ ಕೈ ಹೋಗುತ್ತದೆ ಎಂದು ನಾನು ಕೂಗಿದೆ. "ಜಾರಿದ್ರೆ ಇದು ಒಡೀತದೆ. ಕೈ ಆದ್ರೆ ನಿಮ್ಮಾಸ್ಪತ್ರೆ ಐತಲ್ಲ" ಎಂದರು.

ಪೆಟ್ಟಿಗೆ ಬಿಚ್ಚುವ ಮೊದಲು ಅವರು ಮಾಡಿದ ಕೆಲಸ ಕಂಡು ನನಗೆ ನಗು ಬಂತು. ಹಿತ್ತಲಿಂದ ನಾಲ್ಕು ಬಾಳೆ ಎಲೆ ಕುಯ್ದು ತರಿಸಿ, ತೊಳೆದು, ನೆಲದ ಮೇಲೆ ಊಟಕ್ಕೆ ಹಾಕುವ ಹಾಗೆ ಹಾಕಿದರು. ನನ್ನನ್ನು ಉಣ್ಣುವವರ ಜಾಗದಲ್ಲಿ ಮಣೆ ಹಾಕಿ ಕೂರಿಸಿ ತಾವು ಎದುರಿಗೆ ಕುಕ್ಕರುಗಾಲಲ್ಲಿ ಕುಳಿತರು. "ಬಟ್ಟೆ ಮುಟ್ಟಿಸ್ಬ್ಯಾಡಿ. ಒಂದು ನೂಲು ಒಳಕ್ಕೋದ್ರೂ ಸಿಗಾಕ್ಕಂತದೆ. ಎಲೇಲಿ ನೂಲಿರಲ್ಲ."

ಒಳಗಿದ್ದದ್ದನ್ನು ನಾನು ಹೇಗೆ ಹೇಳಲಿ. ಒಂದು ಬಿಲ್ಲೆಯ ಮೇಲೊಂದು ಬಿಲ್ಲೆ, ಉಕ್ಕಿನದೊಂದು, ಸುಟ್ಟು ಕರಿಕಾದದ್ದೊಂದು. ಚಕ್ರದೊಳಗೆ ಚಕ್ರ ತಿರುಗುವ ಚಕ್ರ. ಎಲ್ಲಕ್ಕಿಂತ ಕೆಳಗೆ ಒಂದು ಅಲ್ಯೂಮಿನಿಯಂ ಹಲಗೆ. ಅದರ ತುಂಬ ಎಣ್ಣೆ ಹರಿಯುವ ಕಾಲುವೆಗಳು, ಮೂಲೆಮೂಲೆಗೆ ಸಣ್ಣ ಗೂಡುಗಳು, ಗೂಡಿಗೊಂದು ಸ್ಪ್ರಿಂಗು. ಯಾವ ಗೇರಿಗೆ ಯಾವಾಗ ಹೋಗಬೇಕೆಂದು ತೀರ್ಮಾನಿಸುವುದು ಆ ಹಲಗೆಯೇ. ಮೇಸ್ತ್ರಿಯವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ನಮ್ಮ ಹುಲಿಕೆರೆ ಕೊಳದಂಗೇ ಸುತ್ತ ಗುಡಿಗೂಡು ಐತಲ್ಲ" ಎಂದು ಮೆಲ್ಲಗೆ ಹೇಳಿ ಬಲಗೈಯಿಂದ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು.

ಆಮೇಲೆ ಒಂದೊಂದೇ ಸ್ಪ್ರಿಂಗು ತೆಗೆದು ಎಲೆಯ ಮೇಲೆ ಇಡುತ್ತಾ ಹೋದರು. ಇಡುವಾಗ ಹೇಳುತ್ತಿದ್ದರು: ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ. ಮಠದ ದಾಸೋಹದಲ್ಲಿ ಬಡಿಸುವುದು ಅವರ ಸೇವೆಯಾಗಿತ್ತು, ಹುಡುಗನಾಗಿದ್ದಾಗಿನಿಂದ. ಎಲೆಯ ಮೇಲೆ ಯಾವುದು ಎಲ್ಲಿ ಬೀಳಬೇಕೆಂಬುದು ಆ ಕೈಗೆ ಬರೆದಿಟ್ಟಂತಿತ್ತು. ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡೆ ನಾನು.

ಹೊಸ ಬಿಲ್ಲೆ, ಸೀಲುಗಳು ಬೆಂಗಳೂರಿನಿಂದ ಅರಸೀಕೆರೆಗೆ ರೈಲಿನಲ್ಲಿ ಬರಬೇಕಿತ್ತು. ಅಷ್ಟು ದಿನ ಎಲೆ ತಾಳುವುದಿಲ್ಲ. "ನೀವು ಚೀಟಿ ಬರ್ದು ಡಬ್ಬಿಗೆ ಹಾಕ್ಬುಡಿ, ನಿಮ್ದು ಅದೇ ಕೆಲ್ಸ ಅಲ್ವಾ" ಎಂದರು. ಹೌದು, ನನ್ನದು ಅದೇ ಕೆಲಸ. ಇಷ್ಟು ವರ್ಷದಲ್ಲಿ ಒಬ್ಬರ ರಕ್ತಕ್ಕೆ ಇನ್ನೊಬ್ಬರ ಹೆಸರು ಬರೆದವಳಲ್ಲ. ಸ್ವಲ್ಪ ಹೆಮ್ಮೆಯಿಂದಲೇ ಬರೆದೆ: ಎಡ ಒಂದು, ಎಡ ಎರಡು, ಬಲ ಒಂದು, ಬಲ ಎರಡು.

ಸಾಮಾನು ಬಂತು. ಹೊಸ ಬಿಲ್ಲೆಗಳನ್ನು ಎಣ್ಣೆಯಲ್ಲಿ ನೆನೆಹಾಕಿ, ಒಂದೊಂದಾಗಿ ಜೋಡಿಸಿದರು. ಒಂದು ತೂತಿಗೆ ಗಾಳಿ ಬಿಟ್ಟು, "ಕೈಯಿಟ್ಟು ನೋಡಿ" ಎಂದರು. ಒಳಗೆ ಎಲ್ಲೋ ಟುಪ್ ಎಂದು ಹಿಡಿದುಕೊಂಡಿತು. ನಾಡಿ ಸಿಕ್ಕಂತಾಯಿತು ನನಗೆ.

ಪೆಟ್ಟಿಗೆ ಕಾರಿಗೆ ಸೇರಿತು. ನಾನೇ ಸ್ಟೀರಿಂಗ್ ಹಿಡಿದೆ. ಶೆಡ್ಡಿನ ಮುಂದೆ ಜನ ಸೇರಿತ್ತು. ಕಾರು ನೀರಿನ ಹಾಗೆ ಮುಂದೆ ಹೋಯಿತು. ಕೆರೆಯ ಕಡೆ ಒಂದು ಸುತ್ತು ಹೋಗಿಬಂದೆ. ಒಂದೊಂದು ಗೇರೂ ಗೊತ್ತಾಗದ ಹಾಗೆ ಬಿತ್ತು. ಶೆಡ್ಡಿಗೆ ತಿರುಗಿಸಲು ಹಿಂದಕ್ಕೆ ಹಾಕಿದರೆ ಕಾರು ಅಲ್ಲೇ ನಿಂತಿತು. ಇನ್ನೊಮ್ಮೆ ಹಾಕಿದೆ. ಇಲ್ಲ.

ಎದುರಿನ ಟೀ ಅಂಗಡಿಯವರು ಮೇಸ್ತ್ರಿಯವರ ಓರಗೆಯವರು. ಬಿಡಲಿಲ್ಲ. "ಏನ್ಲಾ, ಹಿಂದಕ್ಕೇ ಬರ್ದಿರೋ ಗಾಡಿ ಮಾಡಿದ್ಯಲ್ಲ! ಆಯಮ್ಮ ಗೆಂಡೆಹಳ್ಳಿಗೆ ಹೋದ್ರೆ ಊರ್ ಸುತ್ತಾಕ್ಕಂಡೇ ಬರ್ಬೇಕೇನ್ಲಾ?"

ಜನ ನಕ್ಕರು. ಮೇಸ್ತ್ರಿಯವರೂ ನಕ್ಕು, "ನಂದೇ ಏನೋ ತಪ್ಪಾಗೈತೆ ಕಣ್ಲಾ. ಟೀ ಕಳ್ಸು" ಎಂದು ಬಗ್ಗಿ ಕಾರಿನ ಕೆಳಗೆ ಅಂಗೈ ಇಟ್ಟರು. ನನ್ನಿಂದ ಗೇರು ಹಾಕಿಸಿ, ತೆಗೆಸಿ, "ಎಣ್ಣೆ ಬರ್ತಾ ಐತೆ, ದಾರಿ ತಪ್ಪೈತೆ" ಎಂದರು.

ಪೆಟ್ಟಿಗೆ ಇಳಿಸಬೇಕಾಗಿರಲಿಲ್ಲ. ಕೆಳಗಿನ ತಟ್ಟೆ ಬಿಚ್ಚಿದರೆ ಹಲಗೆ ಕೈಗೆ ಬರುತ್ತಿತ್ತು. ಮತ್ತೆ ಎಲೆ ಬಂತು. ಮತ್ತೆ ನನ್ನನ್ನು ಅದೇ ಮಣೆಯ ಮೇಲೆ ಕೂರಿಸಿದರು. ಕಣ್ಣು ಮುಚ್ಚಿಕೊಂಡು, ಒಂದೊಂದು ಸ್ಪ್ರಿಂಗನ್ನೂ ಬೆರಳಲ್ಲಿ ಹೊರಳಿಸಿ, ಮೊದಲ ದಿನ ಇಟ್ಟ ಜಾಗಕ್ಕೇ ಬಡಿಸುತ್ತಾ ಬಂದರು. ಹತ್ತು ದಿನದ ಹಿಂದೆ ಒಂದೇ ಒಂದು ಸಲ ಇಟ್ಟದ್ದು. ಇಪ್ಪತ್ತರ ಮೇಲಿದ್ದವು. ಒಂದೂ ತಡವರಿಸಲಿಲ್ಲ.

ಉಪ್ಪಿನ ಜಾಗಕ್ಕೆ ಬಂದಾಗ ಕೈ ನಿಂತಿತು. ಕಣ್ಣು ತೆರೆದು ನನ್ನ ಚೀಟಿ ತೆಗೆದುಕೊಂಡರು. ಎಲೆ ನೋಡಿದರು, ಚೀಟಿ ನೋಡಿದರು, ನಾನು ಕುಳಿತ ಕಡೆ ನೋಡಿದರು. ಅವರ ಮುಖ ಅರಳಿತು.

"ನೀವು ಉಣ್ಣೋರ ಎಡ ಬರ್ದಿದೀರ. ನಾನು ಬಡ್ಸೋರ ಎಡ ಅಂತ ಓದ್ಕಂಡೆ."

ಉಳಿದ ಸ್ಪ್ರಿಂಗುಗಳು ಗಾತ್ರದಲ್ಲೇ ಬೇರೆ, ಚೀಟಿ ನೋಡದೆ ಅವರ ಕೈಯೇ ಜಾಗ ಹುಡುಕಿಕೊಂಡಿತ್ತು. ಎರಡು ಮಾತ್ರ ನೋಡಲು ಒಂದೇ ಥರ, ಒತ್ತಿದರೆ ಬಿಗುವಷ್ಟೇ ಬೇರೆ. ಅವಕ್ಕೆ ನನ್ನ ಅಕ್ಷರ ನಂಬಿದ್ದರು. ಅಷ್ಟು ಜನರ ಮುಂದೆ ಅವರು ನುಂಗಿಕೊಂಡ ತಪ್ಪು ನನ್ನದು. ಹೋಗಿ ಟೀ ಅಂಗಡಿಯವರಿಗೆ ಹೇಳುತ್ತೇನೆ ಎಂದು ಎದ್ದೆ.

"ಕೂತ್ಕಳಿ. ಬರ್ದೋರು ನೀವು, ಬಿಗ್ದೋನು ನಾನು. ಬಿಗ್ಯೋ ಮುಂಚೆ ಕೇಳ್ಬೇಕಿತ್ತು" ಎಂದರು. ಆ ಎರಡು ಸ್ಪ್ರಿಂಗು ಕೈಗೆತ್ತಿಕೊಂಡು, "ಉಪ್ಪು ಅಂತ್ಲೇ ಬರೀಬೇಕಿತ್ತು ಲ್ಯಾಬಮ್ಮಾ. ಯಾವ್ ಕಡೆ ಕೂತ್ರೂ ಅದು ಉಪ್ಪೇ ಅಲ್ವಾ?"

ಎರಡು ಸ್ಪ್ರಿಂಗು ಅದಲುಬದಲಾದವು. ಸಂಜೆಗೆ ನಾನು ಶೆಡ್ಡಿನಿಂದ ಹಿಂದಕ್ಕೆ ತೆಗೆದುಕೊಂಡೇ ರಸ್ತೆಗೆ ಬಂದೆ. ಟೀ ಅಂಗಡಿಯವರು ಎರಡೂ ಕೈಯೆತ್ತಿ ಮುಗಿದರು. ಮಾರನೆಯ ದಿನ ಒಬ್ಬಳೇ ಗೆಂಡೆಹಳ್ಳಿಗೆ ಹೋದೆ. ಬೇಲೂರಿನಾಚೆಯ ಆ ಏರಿನಲ್ಲಿ ಕಾರು ಗೊಣಗದೆ ಹತ್ತಿತು. ಮನೆಯಲ್ಲಿ ಕೆಲಸ ಬಿಡುವ ಮಾತು ಮತ್ತೆ ಬರಲಿಲ್ಲ. ಮೂರು ವರ್ಷ ನಾನು ದುಡಿದದ್ದು, ನನ್ನ ಪಾಡಿಗೆ ನಾನು ಹೋಗಿಬಂದದ್ದು, ಎಲ್ಲ ಅವರು ಕೊಟ್ಟದ್ದು.

ಮೇಸ್ತ್ರಿಯವರನ್ನು ಹುಲಿಕೆರೆಯ ಅವರ ತೋಟದಲ್ಲಿ, ಅವರ ಪದ್ಧತಿಯಂತೆ, ಕೂರಿಸಿ ಮಣ್ಣು ಮಾಡಿದರು. ಎಷ್ಟು ತೊಳೆದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ಟೀ ಅಂಗಡಿಯವರು ನನ್ನ ಪಕ್ಕ ನಿಂತಿದ್ದರು. ಆಗ ಹೇಳಿದೆ, ಆವತ್ತಿನ ತಪ್ಪು ನನ್ನದು ಎಂದು. "ಗೊತ್ತು ಬುಡವ್ವ" ಎಂದರು. "ಅವ್ನೇ ತಪ್ಪು ಮಾಡ್ದಾಗ ಹಂಗೆ ನಗ್ತಿರ್ಲಿಲ್ಲ."

ಕಾರು ಈಗಲೂ ಓಡುತ್ತಿದೆ. ಹದಿನೈದು ದಿನದಿಂದ, ಬೆಳಿಗ್ಗೆ ಎರಡನೆಯ ಗೇರಿನಿಂದ ಮೂರನೆಯದಕ್ಕೆ ಹೋಗುವಾಗ ಸಣ್ಣದೊಂದು ನಡುಕ ಬರುತ್ತದೆ. ಬಿಸಿಯಾದ ಮೇಲೆ ಇರುವುದಿಲ್ಲ. ಅರಸೀಕೆರೆಯಲ್ಲಿ ಒಬ್ಬರಿದ್ದಾರೆಂದು ಯಾರೋ ಹೇಳಿದರು, ಹೋಗಿ ಕೇಳಿದೆ. ಇದನ್ನೆಲ್ಲ ನಾವು ಬಿಚ್ಚುವುದಿಲ್ಲಮ್ಮ ಎಂದರು. ಅದು ಏನೂ ಅಲ್ಲದಿರಬಹುದು, ದೊಡ್ಡದೇ ಆಗಬಹುದು. ಹೇಳುವವರು ಇಲ್ಲ.