ಗಾಜಿಗೆ ಹಚ್ಚಿದ ನೊರೆ

ನನ್ನ ತಮ್ಮ ಕ್ಷೌರಿಕ, ಆದರೆ ಬಾಯಿಲ್ಲದ ಕ್ಷೌರಿಕ. ಗಿರಾಕಿಗಳೇ ಅವನಿಗೆ ‘ಮೌನಿ’ ಎಂದು ಹೆಸರಿಟ್ಟಿದ್ದರು. ಅಂಗಡಿಗೆ ಬೇಕಾದಷ್ಟು ಮಾತನ್ನು ಅವನ ಹೆಂಡತಿಯೇ ಆಡುತ್ತಿದ್ದಳು. ಗಲ್ಲಾಪೆಟ್ಟಿಗೆಯ ಹಿಂದೆ ಕೂತು, ಬಂದವರನ್ನು ಮಾತಿನಲ್ಲೇ ಅರ್ಧ ಬೋಳಿಸಿ ಕಳಿಸುತ್ತಿದ್ದಳು. ಅವರಿಗೆ ಮಕ್ಕಳಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ನಾನೂ ಅಂಗಡಿಯ ಮಹಡಿಯಲ್ಲಿದ್ದ ಅವರ ಮನೆಗೇ ಬಂದೆ. ಆಗಲೇ ಅವಳ ತಲೆಯಿಂದ ಒಂದೊಂದೇ ಜಾರಲು ಶುರುವಾಗಿತ್ತು. ಮೊದಲು ಚಿಲ್ಲರೆ ಕೊಡುವುದು, ಆಮೇಲೆ ಜನರ ಹೆಸರು, ಕೊನೆಗೆ ಅವಳ ಮುಖವೇ ಅವಳಿಗೆ ಮರೆತುಹೋಯಿತು. ಕನ್ನಡಿ ನೋಡಿದರೆ ಸಾಕು, “ಯಾರ್ರೀ ಈ ಮುದುಕಿ? ಆಚೆ ಹಾಕ್ರೀ ಇವಳನ್ನ!” ಎಂದು ಕಿರುಚುವಳು. ಮನೆಯ ಕನ್ನಡಿಗಳನ್ನೆಲ್ಲ ಬೀರುವಿನ ಹಿಂದೆ ಸೇರಿಸಿದೆವು. ಆದರೆ ಕ್ಷೌರದಂಗಡಿ ಕನ್ನಡಿ ಇಲ್ಲದೆ ನಡೆದೀತೇ?

ಅದಕ್ಕೆ ತಮ್ಮ ಅವಳ ಕುರ್ಚಿಯನ್ನು ಕನ್ನಡಿಗಳಿಗೆ ಬೆನ್ನು ಮಾಡಿ, ಎದುರು ಗೋಡೆಯ ಮೀನಿನ ತೊಟ್ಟಿಯ ಮುಂದೆ ಹಾಕಿದ. ಊರು ಬಿಟ್ಟುಹೋದ ಒಬ್ಬ ಗಿರಾಕಿ ಕೊಟ್ಟ ತೊಟ್ಟಿ ಅದು, ಉಪ್ಪುನೀರಿನದು. ಒಳಗೆ ಸಮುದ್ರದ ಕಲ್ಲುಗಳು, ಕಲ್ಲಿಗಂಟಿಕೊಂಡು ಹೂವಿನಂತೆ ಅರಳಿ ಮುಚ್ಚುವ ಹವಳದ ಜೀವಗಳು, ಒಂದೇ ಒಂದು ಹಳದಿ ಮೀನು. ಅವಳು ಅದನ್ನು ‘ಬಂಗಾರಿ’ ಎನ್ನುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಅದರ ಜೊತೆಗೇ ಮಾತು. ಅವಳು ಅಲ್ಲಿ ಕೂತಿದ್ದರೆ ತಮ್ಮನ ಕೈಗೆ ಕೆಲಸ ಹತ್ತುತ್ತಿತ್ತು. ಕೂರದಿದ್ದರೆ ಬೀದಿಗೆ ಓಡುವಳು. ಒಮ್ಮೆ ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಹಾಗೇ ಬಿಟ್ಟು, ಕತ್ತಿ ಹಿಡಿದುಕೊಂಡೇ ಅವಳ ಹಿಂದೆ ಓಡಿದ್ದ. “ಇಂಥವರನ್ನ ನೋಡ್ಕೊಳ್ಳೋ ಮನೆಗಳಿವೆ, ಯೋಚನೆ ಮಾಡಿ” ಎಂದಿದ್ದರು ಡಾಕ್ಟರು. ತಮ್ಮ ನನ್ನ ಹತ್ತಿರ, “ಅವಳು ಆ ಕುರ್ಚೀಲಿ ಕೂರ್ತಿರೋ ತನಕ ಕಳಿಸಲ್ಲ ಅಕ್ಕ” ಎಂದ. ಅಷ್ಟೇ.

ತೊಟ್ಟಿ ಕೆಟ್ಟಿದ್ದೂ ಅವಳ ಪ್ರೀತಿಯಿಂದಲೇ. ಮೀನಿಗೆ ತಿನ್ನಲು ಹಾಕಿದ್ದನ್ನು ಮರೆತು ಮತ್ತೆ ಮತ್ತೆ ಹಾಕುತ್ತಿದ್ದಳು. ನಾವು ಡಬ್ಬಿ ಬಚ್ಚಿಡುವ ಹೊತ್ತಿಗೆ ಕೈ ಮೀರಿತ್ತು. ತಿನ್ನದೆ ಉಳಿದದ್ದು ಮರಳಿನಲ್ಲಿ ಕೊಳೆತು, ಕಲ್ಲಿಗೆಲ್ಲ ಕಂದು ಲೋಳೆ, ಗಾಜಿಗೆ ದಟ್ಟ ಹಸಿರು ಪಾಚಿ. ಹವಳಗಳು ಮುದುಡಿಕೊಂಡವು. “ಬಂಗಾರಿ ಎಲ್ಲಿ? ಯಾರು ಬಚ್ಚಿಟ್ರಿ?” ಎಂದು ಅವಳು ಗಾಜು ಬಡಿಯತೊಡಗಿದಳು.

ರಜೆಯ ದಿನ, ಅವಳು ಮೇಲೆ ಮಲಗಿದ್ದಾಗ, ಇಬ್ಬರೂ ಬಾಗಿಲು ಹಾಕಿಕೊಂಡು ತೊಟ್ಟಿಗೆ ಕೈ ಹಾಕಿದೆವು. ಹಿಂದಿನ ದಿನವೇ ತಮ್ಮ ಡ್ರಮ್ಮಿನಲ್ಲಿ ಉಪ್ಪು ಕದಡಿ ಹೊಸ ನೀರು ಮಾಡಿಟ್ಟಿದ್ದ. ಪಂಪು ನಿಲ್ಲಿಸಿ, ಹಳೇ ನೀರನ್ನು ಕೊಳವೆಯಿಂದ ಬಕೆಟ್ಟುಗಳಿಗೆ ಎಳೆದು, ಒಂದರಲ್ಲಿ ಮೀನನ್ನು ಬಿಟ್ಟ. ನಾನು ಕಲ್ಲನ್ನು ನಲ್ಲಿಗೆ ಹಿಡಿಯಹೋದರೆ, “ಅಯ್ಯೋ ಅಕ್ಕ, ಸಿಹಿನೀರು ಬಿದ್ರೆ ಸತ್ತೇ ಹೋಗ್ತವೆ!” ಎಂದು ಕಸಿದುಕೊಂಡ. ತೊಟ್ಟಿಯ ನೀರಿನಲ್ಲೇ ಅದ್ದಿ, ಹಳೇ ಹಲ್ಲಿನ ಬ್ರಷ್ಷಿನಿಂದ ತಿಕ್ಕಿದೆ. ಮರಳು ಕೆದಕಿದಾಗ ಕೊಳೆತ ಮೊಟ್ಟೆಯ ನಾತ ಮೂಗಿಗೆ ರಾಚಿತು.

“ನಿನ್ನ ಗಿರಾಕಿಗಳ ಸಾಕ್ಸೇ ವಾಸಿ ಕಣೋ” ಎಂದೆ.

ಅವನು ನಕ್ಕ. ಬಹಳ ದಿನದ ಮೇಲೆ ನಕ್ಕದ್ದು. ಸತ್ತ ಹವಳಗಳು ಸುಣ್ಣದ ಚೂರಿನಂತೆ ಕೈಗೆ ಕಿತ್ತುಬಂದವು. ಗಾಜು ಮುಟ್ಟಲು ಮಾತ್ರ ನನ್ನನ್ನು ಬಿಡಲಿಲ್ಲ. ಹೊಸ ಬ್ಲೇಡು ಸಿಕ್ಕಿಸಿದ ಕತ್ತಿಯನ್ನು ಕೆನ್ನೆಗೆ ಹಿಡಿಯುವಂತೆ ಓರೆಯಾಗಿ ಹಿಡಿದು, ಒಂದು ಗೀರೂ ಬೀಳದ ಹಾಗೆ ಪಾಚಿ ಹೆರೆದ. ಹೊಸ ನೀರು ತುಂಬಿ ಮೀನನ್ನು ಮತ್ತೆ ಒಳಗೆ ಬಿಟ್ಟೆವು. ಪಾಚಿ ಮತ್ತೆ ಚಿಗುರದಿರಲು ಕೆಲವು ದಿನ ತೊಟ್ಟಿಯ ದೀಪ ಹಾಕಬಾರದು ಎಂದು ಮೀನಿನ ಅಂಗಡಿಯವನು ಹೇಳಿದ್ದನಂತೆ. ಹಾಕಲಿಲ್ಲ.

ಮರುದಿನ ಬೆಳಿಗ್ಗೆ ಅವಳನ್ನು ಕೈಹಿಡಿದು ತಂದು ಕೂರಿಸಿದ. “ನೋಡು, ಹೇಗೆ ಹೊಳೀತಿದೆ.”

ಕತ್ತಲ ನೀರಿನ ಮುಂದೆ, ತೊಳೆದ ಗಾಜು ಅಪ್ಪಟ ಕನ್ನಡಿಯಾಗಿತ್ತು. ಜೀವಮಾನವೆಲ್ಲ ಕನ್ನಡಿಯ ಮುಂದೆ ನಿಂತವನಿಗೂ ಅದು ಹೊಳೆದಿರಲಿಲ್ಲ. ಅವಳು ಬಗ್ಗಿ ನೋಡಿ, ಕುರ್ಚಿ ಸಮೇತ ಹಿಂದಕ್ಕೆ ಬಿದ್ದಳು. “ಮುದುಕಿ! ಬಂಗಾರೀನ ತಿಂದ್ಬಿಟ್ಳು ಮುದುಕಿ!”

ದೀಪ ಹಾಕಿದ. ಮೀನು ತೋರಿಸಿದ. ಬೆಳಕಿನಲ್ಲೂ ಗಾಜಿನ ಮೇಲೆ ಮುಖ ತೆಳ್ಳಗೆ ಇದ್ದೇ ಇತ್ತು. ಎಲ್ಲವನ್ನೂ ಮರೆಯುವವಳು ಅದೊಂದನ್ನು ಮರೆಯಲಿಲ್ಲ. ದಿನವೂ ಕುರ್ಚಿಯ ಹತ್ತಿರ ಬಂದು, “ಇನ್ನೂ ಹೋಗಿಲ್ಲ ಅವಳು” ಎಂದು ಬಾಗಿಲಿಗೆ ಓಡುವಳು. ಕೊನೆಗೆ ತಮ್ಮ ಡಾಕ್ಟರು ಹೇಳಿದ ಆ ಮನೆಯನ್ನು ನೋಡಿಕೊಂಡು ಬಂದ. ಬಂದವನೇ ಬಟ್ಟಲಿನಲ್ಲಿ ಸೋಪು ಕಲಸಿ, ನೊರೆ ಎಬ್ಬಿಸಿ, ತೊಟ್ಟಿಯ ಮುಂದಿನ ಗಾಜಿಗೆ ಹೊರಗಿನಿಂದ ಬ್ರಷ್ಷಿನಲ್ಲಿ ಹಚ್ಚತೊಡಗಿದ. ಮೂಲೆಯಿಂದ ಮೂಲೆಗೆ, ದಪ್ಪಗೆ.

“ನಿನಗೂ ತಲೆ ಕೆಟ್ಟಿತೇನೋ?” ಎಂದೆ.

ಬಾಗಿಲಲ್ಲಿದ್ದವಳು ತಿರುಗಿ ಬಂದಳು. ಬಿಳಿ ಗಾಜನ್ನೇ ನೋಡಿದಳು. “ಇದಕ್ಕೂ ಗಡ್ಡ ಬಂತೇನ್ರೀ?”

“ಹೂಂ. ಬಂದಿದೆ.”

“ನಿಧಾನಕ್ಕೆ ಮಾಡಿ, ಪಾಪ. ಗಾಯ ಮಾಡ್ಬೇಡಿ” ಎಂದು ಕುರ್ಚಿಯಲ್ಲಿ ಕೂತಳು.

ಈಗ ದಿನವೂ ಮೊದಲ ಗಿರಾಕಿ ಆ ಗಾಜೇ. ನೊರೆ ಒಣಗಿ ಉದುರಿದರೆ ಮತ್ತೆ ಹಚ್ಚುತ್ತಾನೆ. “ಏನ್ ಮೌನಿ, ನನಗಿಂತ ಮುಂಚೆ ತೊಟ್ಟಿಗಾ?” ಎಂದು ಜನ ಚುಡಾಯಿಸುತ್ತಾರೆ, ಆದರೆ ಕಾಯುತ್ತಾರೆ. ಅವಳು ಕೈಕಟ್ಟಿ ಕೂತಿರುತ್ತಾಳೆ. ಬೀದಿಗೆ ಓಡುವುದಿಲ್ಲ. ಬಂಗಾರಿಯ ಹೆಸರೂ ಎತ್ತುವುದಿಲ್ಲ. ಅಂಗಡಿಯಲ್ಲಿ ಈಗ ಮೌನಿಗಳು ಇಬ್ಬರು.

ಒಳಗೆ ನೀರು ತಿಳಿಯಾಗಿದೆ, ಉಳಿದ ಹವಳಗಳು ಅರಳಿವೆಯಂತೆ. ಅಂಗಡಿ ಮುಚ್ಚುವ ಮುನ್ನ ತಮ್ಮ ಪಕ್ಕದ ಕಿರಿದಾದ ಗಾಜಿಗೆ ಕೆನ್ನೆ ಒತ್ತಿ ನೋಡುತ್ತಾನೆ. “ಬಾ ಅಕ್ಕ, ಎಷ್ಟು ಚೆನ್ನಾಗಿದೆ ನೋಡು” ಎನ್ನುತ್ತಾನೆ. ಅವಳಿಗೆ ಕಾಣದ್ದನ್ನು ನೋಡಲು ನನಗೆ ಮನಸ್ಸಾಗುವುದಿಲ್ಲ.