ಸೀಟಿಯಣ್ಣ ಕಿರುಚಿದವನಲ್ಲ

ಟೀವಿಯವರು ಅವನನ್ನು ಕಿರುಚಿಸಿದರು. ನನಗೆ ಆ ಸಿಟ್ಟು ಇವತ್ತಿಗೂ ಆರಿಲ್ಲ, ಆರುವಂಥದ್ದೂ ಅಲ್ಲ. ಮೂವತ್ತೊಂದು ವರ್ಷ ರೈಲು ಓಡಿಸಿದವನು ಅವನು. ಶೆಡ್ಡಿನಲ್ಲಿ ಮೇಲಿನವರ ಮೇಲೆ ಕೂಗಾಡಿದ್ದುಂಟು, ಮನೆಯಲ್ಲಿ ಹೆಂಡತಿಯ ಮೇಲೆ ಗೊಣಗಿದ್ದುಂಟು, ಆದರೆ ನಿದ್ದೆಯಿಂದ ಎದ್ದು ಕೂತು ಅರಚಿದ್ದು ಒಂದು ದಿನವೂ ಇಲ್ಲ. ಅಂಥವನನ್ನು ಧಾರಾವಾಹಿಯಲ್ಲಿ ಬೆವರಿಸಿ, ನಡುಗಿಸಿ, "ಬೇಡಾ... ಬೇಡಾ..." ಎಂದು ಬೊಬ್ಬೆ ಹೊಡೆಸಿದರು. ತಟ್ಟೆ ಎಸೆಸಿದರು, ಕನ್ನಡಿ ಒಡೆಸಿದರು. ಕಡೆಯ ಕಂತಿನಲ್ಲಿ ಹೆಂಡತಿ ಅಪ್ಪಿಕೊಂಡು ಅತ್ತದ್ದೇ ತಡ, ಎಲ್ಲ ವಾಸಿ ಮಾಡಿ, ಪಿಟೀಲು ಬಾರಿಸಿ ಕೈತೊಳೆದುಕೊಂಡರು.

ಅವನಿಗೆ ಶೆಡ್ಡಿನವರು ಇಟ್ಟ ಹೆಸರು ಸೀಟಿಯಣ್ಣ. ಉಳಿದ ಡ್ರೈವರುಗಳು ತಿರುವಿಗೆ ಒಂದು ಸಲ ಸೀಟಿ ಹಾಕಿದರೆ ಇವನು ಮೂರು ಸಲ, ಅದೂ ಉದ್ದಕ್ಕೆ ಎಳೆದು. "ಹಳಿ ಪಕ್ಕದ ಹಸುಗಳಿಗೆ ಇವನ ಹೆಸರು ಗೊತ್ತು, ನಮ್ಮ ಸಾಹೇಬರಿಗೆ ಗೊತ್ತಿಲ್ಲ" ಎಂದು ನಗುತ್ತಿದ್ದರು. ಇವನೂ ಬಿಡುತ್ತಿರಲಿಲ್ಲ. "ಹಸು ಕೇಳಿದ್ದನ್ನ ನೆನಪಿಟ್ಕೊಳ್ಳುತ್ತೆ ಕಣ್ರಯ್ಯ, ಸಾಹೇಬರ ಕೈಲಿ ಅದಾಗುತ್ತಾ?"

ಎಂಜಿನ್ನಿನಲ್ಲಿ ಒಂದು ಪದ್ಧತಿ ಉಂಟು. ಮುಂದೆ ಸಿಗ್ನಲ್ ಕಂಡ ಕೂಡಲೇ ಅದರ ಬಣ್ಣವನ್ನು ಬಾಯಿಬಿಟ್ಟು ಹೇಳಬೇಕು. ಸಹಾಯಕ "ಹಸಿರು" ಅಂದರೆ ಡ್ರೈವರು ತನ್ನ ಕಣ್ಣಿಂದಲೂ ನೋಡಿ "ಹಸಿರು" ಅನ್ನಬೇಕು. ಹಳದಿಯಾದರೆ ಹಳದಿ. ಒಬ್ಬನ ಕಣ್ಣು ತಪ್ಪಿದರೆ ಇನ್ನೊಬ್ಬನದು ಕಾಯಲಿ ಎಂದು ಹಿರಿಯರು ಮಾಡಿಟ್ಟದ್ದು. ಸೀಟಿಯಣ್ಣ ಮತ್ತು ಅವನ ಸಹಾಯಕ ಒಂಬತ್ತು ವರ್ಷ ಹೀಗೆ ಒಬ್ಬರಿಗೊಬ್ಬರು ಬಣ್ಣ ಕೂಗಿಕೊಂಡೇ ಬದುಕಿದ್ದರು. ಗಂಡ ಹೆಂಡತಿ ಕೂಡ ದಿನಕ್ಕೆ ಅಷ್ಟು ಸಲ ಒಪ್ಪಿಕೊಳ್ಳುವುದಿಲ್ಲ.

ಅದು ಆದದ್ದು ಮಟಮಟ ಮಧ್ಯಾಹ್ನ. ಕಲ್ಲು ಸೇತುವೆ ದಾಟಿ ತಿರುವು ತೆಗೆದುಕೊಂಡರೆ ನೆಟ್ಟಗಿನ ದಾರಿ. ಹಳಿಯ ನಡುವೆ ಒಬ್ಬ ಮನುಷ್ಯ ನಿಂತಿದ್ದ. ಕಂಕುಳಲ್ಲಿ ಮಡಚಿದ ಕೊಡೆ. ಸೀಟಿಯಣ್ಣ ಸೀಟಿ ಎಳೆದ, ಬ್ರೇಕು ಹಾಕಿದ. ಅಷ್ಟು ಭಾರದ ರೈಲು ನಿಲ್ಲಬೇಕಾದರೆ ಮುಕ್ಕಾಲು ಮೈಲಿ ಬೇಕು. ಇದ್ದದ್ದು ಮುನ್ನೂರು ಗಜ. ಆ ಮನುಷ್ಯ ಓಡಲಿಲ್ಲ. ಕನ್ನಡಕ ತೆಗೆದ, ಅಂಗಿಯ ಅಂಚಿನಿಂದ ಎರಡೂ ಗಾಜು ಒರೆಸಿದ, ಮತ್ತೆ ಹಾಕಿಕೊಂಡ. ಆಮೇಲೆ ತಲೆ ಎತ್ತಿ ನೇರ ಸೀಟಿಯಣ್ಣನ ಮುಖವನ್ನೇ ನೋಡಿದ.

ಸೀಟಿಯಣ್ಣ ಕಣ್ಣು ಮುಚ್ಚಿಬಿಟ್ಟ.

ಅಷ್ಟೇ. ಇಡೀ ಕಥೆ ಅಷ್ಟೇ. ಉಳಿದದ್ದೆಲ್ಲ ವಿಚಾರಣೆಯ ಕಾಗದ ಪತ್ರ. ಆ ಕಾಗದದಲ್ಲಿ ಒಂದು ಪ್ರಶ್ನೆ ಇತ್ತು: "ಘಟನೆಯ ಕೊನೆಯ ಕ್ಷಣದವರೆಗೆ ಹಳಿಯನ್ನು ಗಮನಿಸುತ್ತಿದ್ದಿರಾ?" ಅವನು "ಹೌದು" ಎಂದು ಬರೆದು ಸಹಿ ಹಾಕಿದ. ಡ್ರೈವರಾದವನು ಇನ್ನೇನು ಬರೆದಾನು? ಸಹಾಯಕನೂ ಅದರ ಕೆಳಗೆ ಸಹಿ ಮಾಡಿದ. ಅವನು ಮಾತ್ರ ಕಣ್ಣು ಬಿಟ್ಟುಕೊಂಡೇ ಇದ್ದವನು, ಪಾಪ.

ಮೂರು ದಿನ ರಜೆ ಕೊಟ್ಟರು, ನಾಲ್ಕನೆಯ ದಿನ ಎಂಜಿನ್ನಿಗೆ ಹತ್ತಿಸಿದರು. ಹೊರಗಿನವರಿಗೆ ಅವನಲ್ಲಿ ಏನೂ ಬದಲಾದಂತೆ ಕಾಣಲಿಲ್ಲ. ಬದಲಾದದ್ದು ಹೆಂಡತಿಗೆ ಗೊತ್ತು. ನಾಲಗೆಯ ತುದಿಯಲ್ಲೇ ಇರುತ್ತಿದ್ದ ಸಿಟ್ಟು ಹೊರಟುಹೋಯಿತು, ಅದರ ಹಿಂದೆ ನಗುವೂ ಹೋಯಿತು. ಊಟಕ್ಕೆ ಕೂತರೆ ಬಲಗೈ ಚಮಚವನ್ನು ಹಿಡಿದದ್ದು ಹಿಡಿದ ಹಾಗೇ ಉಳಿಯುತ್ತಿತ್ತು, ಬ್ರೇಕಿನ ಹಿಡಿಯಂತೆ. ಒಂದು ದಿನ ಅವಳು ಪೇಪರು ಓದುತ್ತ ತನ್ನ ಕನ್ನಡಕ ಒರೆಸಿಕೊಂಡಳು. ತಲೆ ಎತ್ತಿದರೆ ಗಂಡ ಕಣ್ಣು ಮುಚ್ಚಿ ಕಲ್ಲಾಗಿ ಕೂತಿದ್ದ. ಉಸಿರಿನ ಸದ್ದೂ ಇಲ್ಲ. ಅಂದಿನಿಂದ ಆಕೆ ಕನ್ನಡಕವನ್ನು ಬಚ್ಚಲುಮನೆಯಲ್ಲೇ ಒರೆಸಿಕೊಂಡು ಬರುತ್ತಿದ್ದಳು.

ಮಗಳು ಗ್ರಂಥಾಲಯದಿಂದ ಒಂದು ದಪ್ಪ ಕಾದಂಬರಿ ತಂದುಕೊಟ್ಟಳು. ಯುದ್ಧದಿಂದ ಬಂದ ಸೈನಿಕನ ಕಥೆ. "ನಿನ್ನ ಥರಾನೇ ಇದಾನಪ್ಪ, ಓದು." ಸೀಟಿಯಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಬೆರಳಿಟ್ಟು ಓದಿದ. ಆ ಸೈನಿಕ ಕುಡಿದ, ಊರೂರು ಅಲೆದ, ಕೊನೆಗೆ ಒಂದು ನದಿಯ ದಡದಲ್ಲಿ ಕೂತು ಅತ್ತು ಹಗುರಾದ.

"ಹೇಗಿತ್ತಪ್ಪ?"

"ಚೆನ್ನಾಗಿದೆ. ಅವನಿಗೆ ನದಿ ಸಿಕ್ಕಿತು."

ಇಂಥ ಹೊತ್ತಿನಲ್ಲಿ ಬಂದವನು ಧಾರಾವಾಹಿಯ ನಿರ್ದೇಶಕ, ಜೊತೆಗೊಬ್ಬ ನಟ. ಯಾರೋ ಶೆಡ್ಡಿನವರೇ ವಿಳಾಸ ಕೊಟ್ಟಿದ್ದರು. ನಿರ್ದೇಶಕ ಚಪ್ಪಲಿ ಬಿಟ್ಟು ಒಳಗೆ ಬಂದ, ನೆಲದ ಮೇಲೆ ಕೂತ, ಟೀ ಕುಡಿದ. ಮಾತು ಬೆಣ್ಣೆ.

"ಅಣ್ಣ, ಸಿನಿಮಾದವರು ಇಂಥದನ್ನೆಲ್ಲ ಕೆಡಿಸಿಟ್ಟಿದ್ದಾರೆ. ನಾನು ನೀವು ಹೇಳಿದ ಹಾಗೇ ತೋರಿಸ್ತೀನಿ. ಒಂದು ಸಾಲು ಸೇರಿಸಲ್ಲ, ಒಂದು ಸಾಲು ಕಳೆಯಲ್ಲ. ನಮ್ಮ ತಾಯಾಣೆ."

ತಾಯಾಣೆ ಹಾಕಿದ ಮೇಲೆ ಮುಗಿಯಿತಲ್ಲ. ಹೆಂಡತಿಗೂ ಹೇಳದ್ದನ್ನು ಸೀಟಿಯಣ್ಣ ಅವನಿಗೆ ಹೇಳಿದ. ಕೊಡೆ, ಕನ್ನಡಕ, ಗಾಜು ಒರೆಸಿದ್ದು. ತಾನು ಕಣ್ಣು ಮುಚ್ಚಿದ್ದು. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಅದನ್ನು ಅವತ್ತೇ ಮೊದಲು ಕೇಳಿದ್ದು.

"ಆಮೇಲೆ ನೀವು ಕಿರುಚಿದ್ರಾ ಅಣ್ಣ?" ನಟ ಕೇಳಿದ.

"ಇಲ್ಲ."

"ಕನಸಲ್ಲಿ?"

"ಕನಸು ಬೀಳಲ್ಲ."

"ಕೈ ನಡುಗುತ್ತಾ?"

"ನಡುಗಿದ್ರೆ ಎಂಜಿನ್ ಓಡಿಸೋಕಾಗುತ್ತಾ? ಗಟ್ಟಿಯಾಗುತ್ತೆ. ಬಿಡಿಸೋಕೆ ಬರಲ್ಲ."

ನಟ ನಿರ್ದೇಶಕನ ಮುಖ ನೋಡಿದ. ಇದರಲ್ಲಿ ನಾನು ಮಾಡುವುದೇನಿದೆ ಎನ್ನುವ ಹಾಗೆ.

ಧಾರಾವಾಹಿ ಬಂತು. ಮೊದಲ ದಿನ ಮನೆಯಲ್ಲಿ ಮೂವರೂ ಕೂತು ನೋಡಿದರು. ನೆನಪು ಬರುವಾಗಲೆಲ್ಲ ಪರದೆಯ ಬಣ್ಣ ಹೋಗಿ ಬೂದಿಯಾಗುತ್ತಿತ್ತು, ಢಂ ಎಂದು ನಗಾರಿ. ಸೀಟಿಯಣ್ಣನಿಗೆ ಎಂದೂ ಬಣ್ಣ ಹೋದದ್ದಿಲ್ಲ. ಆ ಮನುಷ್ಯನ ಅಂಗಿ ನೀಲಿ, ಗುಂಡಿ ಒಂದು ಬಿಳಿ, ಉಳಿದವು ಕಂದು. ಪರದೆಯ ಮೇಲೆ ಕನ್ನಡಕವಿರಲಿಲ್ಲ. ಹಳಿಯ ಮೇಲೆ ಒಬ್ಬ ಚೆಂದದ ಹುಡುಗಿಯನ್ನು ನಿಲ್ಲಿಸಿದ್ದರು, ದಾವಣಿ ಗಾಳಿಗೆ ಹಾರುತ್ತಿತ್ತು. ನಟ ಕಣ್ಣು ಅಗಲಿಸಿ, ನೀರು ಸುರಿಸುತ್ತ, ಕೊನೆಯವರೆಗೂ ಅವಳನ್ನೇ ನೋಡಿದ. ಒಂದು ಸಲವೂ ರೆಪ್ಪೆ ಬಡಿಯಲಿಲ್ಲ.

ಸೀಟಿಯಣ್ಣ ಎದ್ದು ಹೋಗಿ ಪಾತ್ರೆ ತೊಳೆದ.

ಬೀದಿಯವರಿಗೆ ಮಾತ್ರ ಹಬ್ಬವೋ ಹಬ್ಬ. "ನಿಮ್ಮದೇ ಕಥೆ ಅಂತಲ್ಲ! ತಟ್ಟೆ ಎಷ್ಟು ಒಡೆದ್ರಿ?" ಎಂದು ಇಸ್ತ್ರಿ ಅಂಗಡಿಯವನು ಕೇಳಿದ. ಎದುರುಮನೆಯಾಕೆ ಹೆಂಡತಿಯ ಕೈ ಹಿಡಿದು, "ಹೊಡೀತಾರೇನಮ್ಮ? ಹೇಳ್ಕೋ, ಮನಸ್ಸು ಹಗುರಾಗುತ್ತೆ" ಅಂದಳು. ಹೊಡೆಯುವುದಿಲ್ಲ ಎಂದು ಎಷ್ಟು ಹೇಳಿದರೂ ನಂಬಲಿಲ್ಲ. ಟೀವಿಯಲ್ಲಿ ಕಣ್ಣಾರೆ ನೋಡಿದ್ದಳಲ್ಲ!

ಅಷ್ಟರಲ್ಲಿ ಸೀಟಿಯಣ್ಣ ಕಚೇರಿಗೆ ಒಂದು ಅರ್ಜಿ ಹಾಕಿದ್ದ. ನನ್ನನ್ನು ಎಂಜಿನ್ನಿನಿಂದ ಇಳಿಸಿ ಶೆಡ್ಡಿನ ಸಾಮಾನು ಕೋಣೆಗೆ ಹಾಕಿ, ಬೋಲ್ಟು ನಟ್ಟು ಎಣಿಸಿಕೊಂಡು ಇರುತ್ತೇನೆ, ಎಂದು. ಅವನಿಗೆ ಬೇಕಾದದ್ದು ಅದೊಂದೇ. ಆ ತಿರುವು ಮತ್ತೆ ಕಣ್ಣಿಗೆ ಬೀಳಬಾರದು. ಸಾಹೇಬರು ಹೇಳಿದರು: ಡಾಕ್ಟರು ಪರೀಕ್ಷೆ ಮಾಡಿ ಮನಸ್ಸಿಗೆ ಕಾಯಿಲೆ ಇದೆ ಅಂತ ಬರೆದುಕೊಟ್ಟರೆ ಇಳಿಸುತ್ತೇವೆ, ಇಲ್ಲದಿದ್ದರೆ ಇಲ್ಲ.

"ಏನಂತ ಹೇಳ್ತೀರಿ ಡಾಕ್ಟರಿಗೆ?" ಹೆಂಡತಿ ಕೇಳಿದಳು.

"ಏನು ಹೇಳಲಿ? ಕಣ್ಣು ಮುಚ್ಚಿದೆ ಅಂದ್ರೆ, ಸುಳ್ಳು ಸಹಿ ಹಾಕಿದ್ಯಾ ಅಂತ ಮನೆಗೆ ಕಳಿಸ್ತಾರೆ. ನನ್ನ ಜೊತೆ ಅವನೂ ಹೋಗ್ತಾನೆ, ಸಹಾಯಕ. ಅವನ ಮಕ್ಕಳಿನ್ನೂ ಸಣ್ಣವು."

"ಸುಮ್ನೆ ಕೂತ್ರೆ ಕಾಯಿಲೆ ಇಲ್ಲ ಅಂತಾರೆ."

"ಅಂತಾರೆ."

ಆಕೆ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಹಾಗಾದ್ರೆ ಅವನು ಮಾಡಿದ ಹಾಗೆ ಮಾಡಿ."

"ಯಾರು?"

"ಆ ನಟ. ಡಾಕ್ಟರೂ ಟೀವಿ ನೋಡ್ತಾರೆ. ಕಾಯಿಲೆ ಅಂದ್ರೆ ಹೇಗಿರುತ್ತೆ ಅಂತ ಎಲ್ಲರಿಗೂ ಅದೇ ಗೊತ್ತಿರೋದು."

ಅಡಿಗೆಮನೆಯಲ್ಲೇ ತಾಲೀಮು ನಡೆಯಿತು. ಅವಳು ಸ್ಟೂಲಿನ ಮೇಲೆ ಕೂತು ಡಾಕ್ಟರಾದಳು, ಅವನು ಎದುರಿಗೆ ನಿಂತು ನಡುಗಿದ.

"ಅಯ್ಯೋ ರಾಮ, ಇಷ್ಟೇ ನಡುಗಿದ್ರೆ ಚಳಿ ಅಂತಾರೆ. ಜಾಸ್ತಿ!"

ಅವನು ಜಾಸ್ತಿ ನಡುಗಿದ.

"ಇದು ಮೈಮೇಲೆ ಇರುವೆ ಬಿಟ್ಟ ಹಾಗಾಯ್ತು. ರೀ, ಮುಖದಲ್ಲಿ ದುಃಖ ಬೇಡ್ವಾ?"

"ಇದೇ ನನ್ನ ದುಃಖದ ಮುಖ."

"ಇದು ನೀವು ಸಾಲಲ್ಲಿ ನಿಲ್ಲೋವಾಗಿನ ಮುಖ. ಹೋಗಲಿ, 'ಬೇಡಾ' ಅನ್ನಿ."

"ಬೇಡ."

"ಇನ್ನೊಂದಿಷ್ಟು ಸಾರು ಬಡಿಸಲಾ ಅಂದ್ರೆ ಹೇಳೋ ಥರ ಹೇಳ್ತೀರಲ್ಲ!"

ಎಂಟು ತಿಂಗಳಾದ ಮೇಲೆ ಇಬ್ಬರೂ ನಕ್ಕದ್ದು ಅವತ್ತು. ನಗುತ್ತ ನಗುತ್ತ ಅವಳು ಅತ್ತುಬಿಟ್ಟಳು. ಟೀವಿಯಲ್ಲಾದರೆ ಅಲ್ಲಿಗೆ ವಾಸಿಯಾಗಬೇಕಿತ್ತು.

ಡಾಕ್ಟರ ಕೋಣೆ ಚಿಕ್ಕದು. ಮೇಜು, ಎರಡು ಕುರ್ಚಿ, ಗೋಡೆಯಲ್ಲಿ ಬಣ್ಣದ ದೀಪ ಗುರುತಿಸುವ ಪಟ. ಡಾಕ್ಟರು ಐವತ್ತರ ಆಸುಪಾಸಿನ ಮನುಷ್ಯ, ದಪ್ಪ ಕನ್ನಡಕ. ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದರು.

"ಹೇಳಿ, ಏನಾಗುತ್ತೆ?"

ಸೀಟಿಯಣ್ಣ ಕಲಿತದ್ದನ್ನು ಒಪ್ಪಿಸಿದ. ಕೈ ನಡುಗಿಸಿದ. ಕನಸು ಬೀಳುತ್ತೆ ಅಂದ. ತಟ್ಟೆ ಎಸೆಯುತ್ತೇನೆ ಅಂದ. ಕೊನೆಗೆ ಎದ್ದು ನಿಂತು "ಬೇಡಾ" ಎಂದು ಕೂಗಿಯೂ ಬಿಟ್ಟ. ಕೂಗು ಅರ್ಧಕ್ಕೇ ನಿಂತಿತು. ಜೀವಮಾನದಲ್ಲಿ ಅಷ್ಟು ನಾಚಿಕೆ ಅವನು ಪಟ್ಟಿರಲಿಲ್ಲ.

ಡಾಕ್ಟರು ಮೇಜಿನ ಮೇಲೆ ಪೆನ್ನು ಕುಟ್ಟುತ್ತ ಪೂರ್ತಿ ಕೇಳಿದರು. ಆಮೇಲೆ ನಕ್ಕರು. ಕೆಟ್ಟ ನಗುವೇನಲ್ಲ.

"ಕೂತ್ಕೊಳ್ಳಿ ಯಜಮಾನ್ರೇ. ನಮ್ಮ ಮನೆಯವಳೂ ಆ ಧಾರಾವಾಹಿ ನೋಡ್ತಾಳೆ. ಈ ತಿಂಗಳಲ್ಲಿ ಹೀಗೇ ನಡುಗ್ಕೊಂಡು ಬಂದವರಲ್ಲಿ ನೀವು ಆರನೆಯವರು. ಉಳಿದವರು ನಿಮಗಿಂತ ಚೆನ್ನಾಗಿ ಮಾಡಿದ್ರು."

"ಸಾರ್, ಅದು ನನ್ನದೇ ಕಥೆ ಸಾರ್."

"ಉಳಿದ ಐದು ಜನಾನೂ ಹಾಗೇ ಅಂದ್ರು."

ಅಂದವರು ಕನ್ನಡಕ ತೆಗೆದರು. ಜೇಬಿನಿಂದ ಕರ್ಚೀಫು ಎಳೆದು ಒಂದು ಗಾಜು ಒರೆಸಿದರು, ಇನ್ನೊಂದು ಗಾಜು ಒರೆಸಿದರು. ಮತ್ತೆ ಹಾಕಿಕೊಂಡರು.

ಸೀಟಿಯಣ್ಣನ ಕಣ್ಣು ಮುಚ್ಚಿತು. ಬಲಗೈ ಕುರ್ಚಿಯ ತೋಳನ್ನು ಹಿಡಿದು ಮುಂದಕ್ಕೆ ಒತ್ತತೊಡಗಿತು, ಬೆರಳ ಗಿಣ್ಣು ಬೆಳ್ಳಗಾಗುವ ತನಕ. ಉಸಿರು ನಿಂತಿತು. ಬಾಯಿಯಿಂದ ಒಂದು ಸದ್ದಿಲ್ಲ. ಕಾಯಿಲೆ ಅನ್ನುವುದು ಅಲ್ಲಿ, ಮೇಜಿನ ಆಚೆ, ಎರಡು ಮೊಳ ದೂರದಲ್ಲಿ, ಮೈತುಂಬ ಬಂದು ಕೂತಿತ್ತು.

ಡಾಕ್ಟರು ತಲೆ ಬಗ್ಗಿಸಿ ಬರೆಯುತ್ತಿದ್ದರು. ಬರೆದು ಮುಗಿಸಿ ತಲೆ ಎತ್ತುವ ಹೊತ್ತಿಗೆ ಅವನು ಕಣ್ಣು ಬಿಟ್ಟು ಸುಮ್ಮನೆ ಕೂತಿದ್ದ.

"ನೋಡಿ, ಎಷ್ಟು ಚೆನ್ನಾಗಿ ಕೂತಿದ್ದೀರಿ ಈಗ," ಎಂದು ಕಾಗದ ಕೊಟ್ಟರು. ಕೆಲಸಕ್ಕೆ ಯೋಗ್ಯ, ಎಂದು ಬರೆದಿತ್ತು. ಕೆಳಗೆ ಇನ್ನೊಂದು ಸಾಲು: ಕಾಯಿಲೆಯನ್ನು ನಟಿಸುವ ಪ್ರಯತ್ನ ಕಂಡುಬಂದಿದೆ.

ಆ ಎರಡನೆಯ ಸಾಲು ಶೆಡ್ಡಿಗೆ ಅವನಿಗಿಂತ ಮೊದಲೇ ತಲುಪಿತು. ಸಾಮಾನು ಕೋಣೆಯ ಬಾಗಿಲು ಅಲ್ಲಿಗೆ ಮುಚ್ಚಿತು. ಇನ್ನೊಂದು ಅರ್ಜಿ ಹಾಕುವ ಹಾಗೂ ಉಳಿಯಲಿಲ್ಲ. ನಿರ್ದೇಶಕನಿಗೆ ಮಗಳು ನಾಲ್ಕು ಸಲ ಫೋನು ಮಾಡಿದಳು, ಇದು ಅಪ್ಪನದೇ ಕಥೆ ಅಂತ ಒಂದು ಚೀಟಿ ಬರೆದುಕೊಡಿ ಸಾಕು, ಎಂದು. ಮೂರು ಸಲ ಎತ್ತಲಿಲ್ಲ. ನಾಲ್ಕನೆಯ ಸಲ ಎತ್ತಿ, "ಅಯ್ಯೋ ತಂಗಿ, ಅದು ಪೂರ್ತಿ ಕಾಲ್ಪನಿಕ ಅಂತ ಮೊದಲನೇ ಕಂತಲ್ಲೇ ಹಾಕಿದ್ದೀವಲ್ಲ, ಈಗ ಹೇಗೆ ಬರೆದುಕೊಡೋದು?" ಅಂದ. ತಾಯಾಣೆಯ ಮಾತು ಯಾರೂ ಎತ್ತಲಿಲ್ಲ. ಅವನ ತಾಯಿ ಚೆನ್ನಾಗಿರಲಿ.

ಸೀಟಿಯಣ್ಣ ಈಗಲೂ ಅದೇ ದಾರಿಯಲ್ಲಿ ಓಡಿಸುತ್ತಾನೆ. ಕಲ್ಲು ಸೇತುವೆ ದಾಟಿದ ಕೂಡಲೇ ಮೂರು ಸೀಟಿ. ತಿರುವು ಬಿಚ್ಚಿಕೊಂಡು ನೆಟ್ಟಗಿನ ದಾರಿ ಕಂಡಾಗ ಕಣ್ಣು ತಾನಾಗಿ ಮುಚ್ಚುತ್ತದೆ. ತೆರೆದಿಡಬೇಕೆಂದು ದಿನಾ ಹಲ್ಲು ಕಚ್ಚುತ್ತಾನೆ, ಆಗುವುದಿಲ್ಲ. ಹಿಂದೆ ಎಂಟುನೂರು ಜನ ಕೂತಿರುತ್ತಾರೆ, ಹರಟುತ್ತ, ತೂಕಡಿಸುತ್ತ. ಸಹಾಯಕ ಅದನ್ನು ಮೊದಲ ವಾರವೇ ಕಂಡುಕೊಂಡ. ಯಾರಿಗೂ ಹೇಳಲಿಲ್ಲ, ಹೇಳಿದರೆ ಆ ಹಳೆಯ ಸಹಿಯೂ ಹೊರಬರುತ್ತದೆ. ಅಲ್ಲಿಗೆ ಬಂದಾಗ ಬಣ್ಣವನ್ನು ಎರಡು ಸಲ ಕೂಗುತ್ತಾನೆ.

"ಹಸಿರು ಅಣ್ಣ. ಹಸಿರು."

"ಹಸಿರು," ಎನ್ನುತ್ತಾನೆ ಸೀಟಿಯಣ್ಣ, ನೋಡದೆಯೇ.

"ರಿಟೈರ್ ಆಗೋಕೆ ಇನ್ನು ಹದಿನಾಲ್ಕು ತಿಂಗಳು ತಾನೇ ಅಣ್ಣ ನಿಮಗೆ. ಕಳೆದುಹೋಗುತ್ತೆ."

ಹದಿನಾಲ್ಕು ತಿಂಗಳಲ್ಲ, ನಾಲ್ಕು ಜನ್ಮವಾದರೂ ಅದು ಕಳೆಯುವುದಿಲ್ಲ ಎಂದು ಅವನಿಗೆ ಗೊತ್ತು. ಆ ಮನುಷ್ಯ ಅಷ್ಟು ಜತನದಿಂದ ಗಾಜು ಒರೆಸಿಕೊಂಡು, ಕಟ್ಟಕಡೆಗೆ ಒಂದು ಮುಖ ಕಾಣಲಿ ಎಂದು ನೋಡಿದ್ದ. ತಿರುಗಿ ಒಂದು ನೋಟ ಇವನು ಅವನಿಗೆ ಕೊಡಬೇಕಿತ್ತು. ಆ ನಟ ಕೊಟ್ಟ, ಇಲ್ಲದ ಹುಡುಗಿಗೆ, ಸುಳ್ಳೇ ಕಣ್ಣೀರು ಹಾಕಿಕೊಂಡು. ಸೀಟಿಯಣ್ಣ ಇನ್ನೂ ಕೊಟ್ಟಿಲ್ಲ.